ಕಾಫಿ ಕಣದ ಮೂಲೆಯ ಓದುಗುಡಿಸಲು

ಕಳೆದ ತಿಂಗಳು ಹಾಸನದಲ್ಲಿ ನಮಗೆ ಶಿಕ್ಷಕರ ತರಬೇತಿ ಇತ್ತು. ಹಾಜರಿಗೆ ಸಹಿ ಹಾಕಲು ಪೆನ್ನು ಹುಡುಕುತ್ತ ವ್ಯಾನಿಟಿ ಬ್ಯಾಗಿನೊಳಗೆ ಕೈ ಹಾಕಿದರೆ ಸಿಕ್ಕಿದ್ದು ದಬ್ಬಣ. ಸಿಕ್ಕಿದ್ದು ಅನ್ನುವುದಕ್ಕಿಂತ ಚುಚ್ಚಿದ್ದು ಅನ್ನಬೇಕು. "ಅಯ್ಯಮ್ಮಾ" ಎಂದು ಕೂಗಿ ಅದನ್ನು ಹೊರಗೆ ಎಳೆದಾಗ ಪಕ್ಕದಲ್ಲಿ ಕುಳಿತಿದ್ದ ಪಟ್ಟಣದ ಮೇಡಂ ತಮ್ಮ ಕುರ್ಚಿಯನ್ನು ಅತ್ತ ಸರಿಸಿಕೊಂಡರು.

"ಏನ್ರೀ ಇದು? ಮೂಟೆ ಹೊಲಿಯೋ ಸೂಜಿ ಅಲ್ವಾ? ಬ್ಯಾಗಲ್ಲಿ ಯಾಕ್ರೀ ಇಟ್ಕೊಂಡಿದೀರಾ?"

"ಬಸ್ಸಲ್ಲಿ ಮೈಮೇಲೆ ಬೀಳೋರಿಗೆ" ಎಂದೆ.

ಅವರು ನಂಬಿಬಿಟ್ಟರು. ಊಟದ ಹೊತ್ತಿಗೆ ಅವರ ಗೆಳತಿಯರೆಲ್ಲ ಒಬ್ಬೊಬ್ಬರಾಗಿ ಬಂದು ದಬ್ಬಣದ ದರ್ಶನ ಮಾಡಿಕೊಂಡು ಹೋದರು. ಒಬ್ಬರಂತೂ ಎಲ್ಲಿ ಸಿಗುತ್ತದೆ ಎಂದು ಅಂಗಡಿಯ ಹೆಸರು ಕೇಳಿದರು.

ಆ ಕೆಲಸಕ್ಕೂ ಅದು ಒದಗೀತು. ಆದರೆ ನನ್ನ ಬ್ಯಾಗಿಗೆ ಅದು ಬಂದು ಸೇರಿದ್ದು ಬೇರೆ ಕಾರಣಕ್ಕೆ. ನಾನು ಒಂದು ಕಟ್ಟಡ ಕಟ್ಟಿದವಳು. ಕಟ್ಟಡ ಎಂದರೆ ದೊಡ್ಡ ಮಾತಾಯಿತು. ನಾಲ್ಕು ಸಿಲ್ವರ್ ಓಕ್ ಕಂಬ, ಸೊಂಟದೆತ್ತರದ ಇಟ್ಟಿಗೆ ಗೋಡೆ, ಮೇಲೆ ಹಳೆ ಹೆಂಚು. ಗೋಡೆಗೂ ಹೆಂಚಿಗೂ ನಡುವೆ ಉಳಿದ ಜಾಗಕ್ಕೆ ಕಿಟಕಿ ಮಾಡಿಸುವ ಶಕ್ತಿ ಇಲ್ಲದೆ ಗೋಣಿಚೀಲಗಳನ್ನು ಒಂದಕ್ಕೊಂದು ಹೊಲಿದು ಪರದೆ ಇಳಿಬಿಟ್ಟೆ. ಅಡ್ಡಮಳೆ ಹೊಡೆದರೆ ಇಳಿಸುವುದು, ಬಿಸಿಲು ಬಂದರೆ ಸುತ್ತಿ ಕಟ್ಟುವುದು. ಆ ಪರದೆಗಳು ಇವತ್ತಿಗೂ ಅಲ್ಲಲ್ಲಿ ಬಾಯಿ ಬಿಡುತ್ತಲೇ ಇರುತ್ತವೆ, ನಾನು ಹೊಲಿಯುತ್ತಲೇ ಇರುತ್ತೇನೆ. ಬಿ.ಎ., ಬಿ.ಎಡ್. ಮಾಡಿದವಳ ಹೊಲಿಗೆ ಎಷ್ಟು ದಿನ ನಿಂತೀತು, ನೀವೇ ಹೇಳಿ.

ಈ ಬಿ.ಎ., ಬಿ.ಎಡ್. ಅನ್ನುವುದನ್ನು ನಾನು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಗೊತ್ತು. ಏನು ಮಾಡುವುದು, ನಮ್ಮ ಅಪ್ಪನ ಕಡೆಯಲ್ಲಾಗಲಿ ಅವ್ವನ ಕಡೆಯಲ್ಲಾಗಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗಳು ನಾನು. ಕೆಲಸ ಸಿಕ್ಕ ಮೇಲೆ ಸಕಲೇಶಪುರದಲ್ಲಿ ಒಂದು ಕುಕ್ಕರ್ ಕೊಂಡೆ. ಪಾತ್ರೆ ಅಂಗಡಿಯವನು "ಹೆಸರು ಕೊರೀಲಾಮ್ಮ?" ಅಂದ. ಹೆಸರಿನ ಮುಂದೆ ಡಿಗ್ರಿಯನ್ನೂ ಕೊರೆಸಿಕೊಂಡು ಬಂದೆ. ಇವತ್ತಿಗೂ ನಮ್ಮ ಮನೆಯಲ್ಲಿ ಅನ್ನ ಬೇಯುವುದು ಪದವೀಧರ ಕುಕ್ಕರಿನಲ್ಲಿ. ಮನೆತನಕ್ಕೆ ಮೊದಲ ಡಿಗ್ರಿ ಅನ್ನುವುದು ಹೊಸ ಚಪ್ಪಲಿಯ ಹಾಗೆ. ಹಾಕಿಕೊಂಡವರಿಗೆ ಸದ್ದು ಮಾಡದೆ ನಡೆಯಲು ಬರುವುದಿಲ್ಲ.

ನಮ್ಮ ಅವ್ವನಂತೂ ನನಗಿಂತ ಒಂದು ಹೆಜ್ಜೆ ಮುಂದೆ. ಡಿಗ್ರಿ ಸರ್ಟಿಫಿಕೇಟು ಕೈಗೆ ಬಂದ ದಿನ ನಾನು ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಅದನ್ನು ದೇವರ ಪಟಗಳ ನಡುವೆ ನಿಲ್ಲಿಸಿ, ನಾಲ್ಕು ಮೂಲೆಗೂ ಕುಂಕುಮ ಇಟ್ಟು ಕೈಮುಗಿದುಕೊಂಡು ನಿಂತಿದ್ದಳು. ಎಣ್ಣೆಗೈಯ ಕುಂಕುಮ, ಏನು ಮಾಡಿದರೂ ಹೋಗಲಿಲ್ಲ. ಕೆಲಸಕ್ಕೆ ದಾಖಲೆ ಪರಿಶೀಲನೆ ಮಾಡುವಾಗ ಕಚೇರಿಯವರು ಉಗುರಿನಿಂದ ಕೆರೆದು ನೋಡಿ "ಇದೇನಮ್ಮ ಕಲೆ?" ಎಂದು ಕೇಳಿದರು. "ಕಲೆ ಅಲ್ಲ ಸಾರ್, ನಮ್ಮವ್ವನಿಗೆ ರುಜು ಹಾಕಲು ಬರುವುದಿಲ್ಲ, ಅದನ್ನೇ ಅವಳ ರುಜು ಅಂದುಕೊಳ್ಳಿ" ಎಂದು ನಾನು ಹೇಳಿದೆ ಎಂದು ಬರೆಯಲು ಆಸೆ. ಹೇಳಲಿಲ್ಲ. "ತಪ್ಪಾಯ್ತು ಸಾರ್" ಎಂದೆ. ಆ ಒಳ್ಳೆಯ ಮಾತು ಹೊಳೆದದ್ದು ವಾಪಸ್ ಬರುವಾಗ, ಬಸ್ಸು ಬಾಳ್ಳುಪೇಟೆ ದಾಟಿದ ಮೇಲೆ.

ಅಪ್ಪ ಅವ್ವ ಇಬ್ಬರೂ ಮಾರನಹಳ್ಳಿ ಕಡೆಯ ಒಂದು ಎಸ್ಟೇಟಿನಲ್ಲಿ ಕೆಲಸಕ್ಕಿದ್ದರು. ನಾನು ಬೆಳೆದದ್ದು ಅಲ್ಲಿನ ಲೈನಿನಲ್ಲಿ. ಸಾಲಾಗಿ ಮನೆಗಳು, ಮನೆಗೊಂದೇ ಕೋಣೆ, ಅದರಲ್ಲೇ ಒಲೆ, ಅದರಲ್ಲೇ ಹಾಸಿಗೆ. ಎರಡು ಮನೆಗೆ ಗೋಡೆ ಒಂದೇ ಆದ್ದರಿಂದ ಪಕ್ಕದವರ ಜಗಳದಲ್ಲಿ ನಮಗೂ ಅರ್ಧ ಪಾಲು. ಅಲ್ಲಿ ಕುಳಿತು ಓದುವುದೆಂದರೆ ಸಂತೆಯಲ್ಲಿ ಕುಳಿತು ಜಪ ಮಾಡಿದ ಹಾಗೆ. ಹಾಗಾಗಿ ನನ್ನ ಓದೆಲ್ಲ ನಡೆದದ್ದು ಕಾಫಿ ಒಣಗಿಸುವ ಕಣದಲ್ಲಿ, ಅದೂ ನಡೆಯುತ್ತ. ರಜೆಯಲ್ಲಿ ನನಗೆ ಕೊಡುತ್ತಿದ್ದ ಕೆಲಸ ಹರಡಿದ ಕಾಫಿಯನ್ನು ಕಾಲಿನಿಂದ ಎಳೆಯುವುದು. ಪಾದ ಎತ್ತದೆ ಈ ತುದಿಯಿಂದ ಆ ತುದಿಗೆ ಹೋದರೆ ಕಾಫಿ ಮಗುಚಿಕೊಂಡು ಹಿಂದೆ ಗೀಟು ಬೀಳುತ್ತ ಬರುತ್ತದೆ. ಕಾಲು ಕಾಫಿಯಲ್ಲಿ, ಕಣ್ಣು ಸಮಾಜ ವಿಜ್ಞಾನದಲ್ಲಿ.

ಒಂದು ದಿನ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಬಂದು ಕಣ ನೋಡಿ ಕೂಗಿದರು: "ಯಾರೇ ಅದು, ಹಾವು ಹರ್ದಂಗೆ ಗೀಟು ಎಳ್ದಿರೋದು?"

"ನಮ್ ಹುಡ್ಗಿ ಸಾರ್, ಪರೀಕ್ಷೆ ಐತಂತೆ" ಎಂದಳು ಅವ್ವ.

"ಪರೀಕ್ಷೆ ಬರಿಯೋದು ನನ್ ಕಾಫಿ ಮೇಲಾ?"

ಈಗಲೂ ನನಗೆ ಕುಳಿತು ಓದಲು ಬರುವುದಿಲ್ಲ. ಪುಸ್ತಕ ಹಿಡಿದರೆ ಕಾಲು ತಾನಾಗಿಯೇ ನೆಲ ಎಳೆಯುತ್ತದೆ. ಶಾಲೆಯಲ್ಲಿ ನಾನು ಪಾಠ ಓದುತ್ತ ನಡೆದರೆ ಹಿಂದಿನ ಬೆಂಚಿನವರು ನನ್ನ ಕಾಲನ್ನೇ ನೋಡುತ್ತ ನಗುತ್ತಾರೆ.

ಎಲ್ಲಿಂದ ಎಲ್ಲಿಗೋ ಹೋದೆ. ಗುಡಿಸಲಿನ ಮಾತಲ್ಲವೇ.

ಈಗ ನಾನಿರುವುದು ಆಲೂರು ತಾಲ್ಲೂಕಿನಲ್ಲಿ, ಪಾಳ್ಯದಿಂದ ಒಳಗೆ ಹೋಗಬೇಕಾದ ಒಂದು ಸಣ್ಣ ಊರಿನಲ್ಲಿ. ತಗ್ಗಿನಲ್ಲಿ ಗದ್ದೆ, ದಿಣ್ಣೆಯಲ್ಲಿ ರಾಗಿ, ಅಂಚಿನಲ್ಲಿ ಚೂರುಪಾರು ಕಾಫಿ. ಶಾಲೆ ಅಲ್ಲೇ. ನನ್ನ ಬಾಡಿಗೆ ಕೋಣೆ ಗಂಗಕ್ಕನ ಮನೆಯ ಪಕ್ಕದ್ದು. ಗಂಗಕ್ಕ ಎಂದರೆ ಬೆಳಗ್ಗೆ ಹಣೆಗೆ ಮೂರು ಬೆರಳು ವಿಭೂತಿ ಎಳೆದುಕೊಂಡರೆ ಆಮೇಲೆ ಊರಿನ ಆಡಳಿತವನ್ನೆಲ್ಲ ತನ್ನ ಜಗಲಿಯ ಮೇಲೆ ಕುಳಿತೇ ನಡೆಸುವ ಹೆಂಗಸು. ಅವರ ತಮ್ಮ ಶಿವಲಿಂಗಪ್ಪನವರು ಊರಿನ ಎದುರು ತುದಿಯಲ್ಲಿದ್ದಾರೆ. ಊರಿಗೆಲ್ಲ ಅವರು ಯಜಮಾನರು, ಗಂಗಕ್ಕನಿಗೆ ಮಾತ್ರ "ಲೋ".

ಸಂಜೆ ಶಾಲೆಗೆ ಬೀಗ ಬಿದ್ದರೆ ಆ ಊರಿನಲ್ಲಿ ಓದಲು ಒಂದು ಜಾಗ ಇರಲಿಲ್ಲ. ಮಕ್ಕಳ ಮಾತು ಹಾಗಿರಲಿ, ದೊಡ್ಡವರನ್ನು ನೋಡಿ ನನಗೆ ಹೆಚ್ಚು ಸಂಕಟವಾಗುತ್ತಿತ್ತು. ಏಳನೆಯ ಕ್ಲಾಸೋ ಹತ್ತನೆಯ ಕ್ಲಾಸೋ ಮುಗಿಸಿದವರು, ಆಮೇಲೆ ಅವರ ಕಣ್ಣಿಗೆ ಬಿದ್ದ ಅಕ್ಷರ ಎಂದರೆ ಕರೆಂಟ್ ಬಿಲ್ಲು, ಗೊಬ್ಬರದ ಚೀಲ. ಮೊಬೈಲ್ ಇದೆಯಲ್ಲ ಎನ್ನಬೇಡಿ. ಅದರಲ್ಲಿ ಅವರು ಓದುವುದು ಆನೆ ಯಾವ ತೋಟದಲ್ಲಿದೆ ಎನ್ನುವ ಸುದ್ದಿ, ಅದನ್ನು ನಾನೂ ಓದುತ್ತೇನೆ. ನನಗೆ ಬೇಕಾಗಿದ್ದದ್ದು ಯಾರು ಬೇಕಾದರೂ ಬಂದು, ಕಾಲು ಚಾಚಿಕೊಂಡು ಕುಳಿತು, ಸುಮ್ಮನೆ ಪುಟ ತಿರುಗಿಸುವಂಥ ಒಂದು ಜಾಗ. ಚಿಕ್ಕಂದಿನಲ್ಲಿ ನನಗೆ ಸಿಗದೇ ಹೋದದ್ದನ್ನು ಒಂದು ಸಲ ಕಣ್ಣಾರೆ ನೋಡಬೇಕು ಅನ್ನುವ ಹಟ.

ಶಿವಲಿಂಗಪ್ಪನವರ ಕಾಫಿ ಕಣದ ಮೂಲೆ ಖಾಲಿ ಇತ್ತು. ಮನೆಗಳ ನಡುವೆಯೇ ಇದ್ದುದರಿಂದ ಆನೆಯ ಭಯವೂ ಕಡಿಮೆ. ಹೋಗಿ ಕೇಳಿದೆ.

"ಗುಡಿಸ್ಲಾ? ಓದಕ್ಕಾ?" ಎಂದರು ಅವರು. "ಓದಕ್ಕೆ ಇಸ್ಕೂಲ್ ಐತಲ್ಲ ಟೀಚರಮ್ಮ."

"ಅದು ಮಕ್ಕಳಿಗೆ. ಇದು ಎಲ್ಲರಿಗೂ."

"ಎಲ್ರಿಗೂ ಅಂದ್ರೆ, ನಂಗೂನಾ?"

ನನ್ನ ಹಿಂದೆಯೇ ಬಂದಿದ್ದ ಗಂಗಕ್ಕ ಬಾಯಿ ಹಾಕಿದರು: "ಇವ್ನು ಓದೋದು ಕಾಫಿ ರೇಟೊಂದೇ ಕಣ್ರೀ. ಅದೂ ಇಳ್ದಿದ್ರೆ ಕನ್ನಡಕ ತೆಗ್ದು ಇಟ್ಬುಡ್ತಾನೆ."

ಶಿವಲಿಂಗಪ್ಪನವರು ಅಕ್ಕನ ಕಡೆ ನೋಡದೆ ನನಗೆ ಹೇಳಿದರು: "ಕಟ್ಕಳಿ, ಬ್ಯಾಡ ಅನ್ನಲ್ಲ. ಆದ್ರೆ ಒಂದು ಮಾತು. ನಂಗೆ ಮೂಟೆ ಹಾಕಕ್ಕೆ ಜಾಗ ಸಾಲಲ್ಲ. ಈ ಸಲದ ಮೊದಲ್ನೆ ಕಾಫಿ ಒಣಗಿ ಮೂಟೆ ಕಟ್ಟೋ ಹೊತ್ಗೆ ಅಲ್ಲಿ ಜನ ಕೂತು ಓದ್ತಿದ್ರೆ ಅದು ನಿಮ್ದು, ಎಷ್ಟು ವರ್ಷ ಬೇಕಾದ್ರೂ ಇಟ್ಕಳಿ. ಜನ ಬರ್ಲಿಲ್ಲ ಅಂದ್ರೆ ಮೂಟೆ ಹಾಕ್ಕತೀನಿ. ಆಮೇಲೆ ಮಕ ಊದಿಸ್ಕಬಾರ್ದು."

ನ್ಯಾಯವಾದ ಮಾತೇ. ಒಪ್ಪಿಕೊಂಡೆ. ಓದಲು ಜಾಗ ಕೊಟ್ಟರೆ ಜನ ಬರದೇ ಇರುತ್ತಾರೆಯೇ ಎಂಬ ಧೈರ್ಯ ನನ್ನದು.

ಕಟ್ಟುವ ಕೆಲಸಕ್ಕೆ ಊರಿನವರೇ ಬಂದರು. ಮರದ ಕೆಲಸ ರಂಗಸ್ವಾಮಿಯದು. ಬಾಯಿಯಲ್ಲಿ ಮೊಳೆ ಕಚ್ಚಿಕೊಂಡೇ ಜೋಕು ಹೇಳಬಲ್ಲ ಬಡಗಿ ಅವನು. ಹೆಂಚು ಸಿಕ್ಕಿದ್ದು ಯಾವುದೋ ಎಸ್ಟೇಟಿನಲ್ಲಿ ಕೆಡವಿದ ಹಳೆಯ ಲೈನಿನಿಂದ. ಇಳಿಸಿ ತೊಳೆಯುವಾಗ ನೋಡಿದರೆ ಒಳಮೈಯಲ್ಲೆಲ್ಲ ಒಲೆಯ ಮಸಿ. ಯಾರ್ಯಾರ ಮನೆಯ ಮುದ್ದೆ ಬೆಂದ ಹೊಗೆಯೋ. ತೊಳೆಯುವುದನ್ನು ಅಲ್ಲಿಗೇ ನಿಲ್ಲಿಸಿ ಹಾಗೇ ಹೊದಿಸಿ ಎಂದೆ. ಕಂಬ ನೆಟ್ಟ ವಾರ ಆನೆಯೊಂದು ಅದೇನು ದಾರಿ ತಪ್ಪಿತೋ, ಬೆಳಗಿನ ಜಾವ ಕಣಕ್ಕೆ ಇಳಿದು ಒಂದು ಕಂಬಕ್ಕೆ ಮೈ ಉಜ್ಜಿ ಹೋಯಿತು. ನಾನು ಗಾಬರಿಯಾದರೆ ರಂಗಸ್ವಾಮಿ ಕಂಬ ಅಲ್ಲಾಡಿಸಿ ನೋಡಿ, "ಬುಡಿ ಟೀಚರಮ್ಮ, ಗಟ್ಟಿ ಐತೆ ಅಂತ ಪಾಸ್ ಮಾಡಿ ಹೋಗೈತೆ" ಎಂದ.

ಪುಸ್ತಕಗಳು ಗೊತ್ತಿದ್ದವರ ಅಟ್ಟಗಳಿಂದ ಬಂದವು. ಯಾರು ಏನು ಕೊಟ್ಟರೂ ಬೇಡ ಅನ್ನಲಿಲ್ಲ. ಕತೆ, ಹೊಲಿಗೆ, ನಕ್ಷತ್ರ, ಆರೋಗ್ಯ, ಎಲ್ಲವೂ ಒಂದೇ ಚೀಲದಲ್ಲಿ.

ಕಾರ್ತಿಕದ ಒಂದು ಸೋಮವಾರ ಪ್ರಾರಂಭ ಇಟ್ಟುಕೊಂಡೆವು. ರಿಬ್ಬನ್ನು ಕತ್ತರಿಸಿ ಎರಡು ಮಾತು ಆಡುವ ಆಸೆ ನನ್ನದು, ಮಾತನ್ನು ಬಾಯಿಪಾಠವೂ ಮಾಡಿದ್ದೆ. ಗಂಗಕ್ಕ ಕೇಳಬೇಕಲ್ಲ. "ಪೂಜೆ ಇಲ್ದೆ ಕೋಳಿಗೂಡೂ ತೆಗಿಯಲ್ಲ ಜನ" ಎಂದರು. ನೆಲ ಸಾರಿಸಿ, ಮಣೆ ಹಾಕಿ, ಅದರ ಮೇಲೆ ಪುಸ್ತಕಗಳನ್ನೆಲ್ಲ ಗೋಪುರದ ಹಾಗೆ ಪೇರಿಸಿ, ವಿಭೂತಿ, ಕುಂಕುಮ, ಚೆಂಡುಹೂವು ಏರಿಸಿ, ಯಾರ ಹೆಸರಲ್ಲಿ ಸಂಕಲ್ಪ ಎಂದು ಜನರಲ್ಲಿ ಯಾರೋ ಕೇಳಿದಾಗ ನನ್ನ ಹೆಸರನ್ನೇ ಹೇಳಿದರು. ನನ್ನ ಕೈಯಲ್ಲೇ ಆರತಿ ಮಾಡಿಸಿದರು. ಊರಿಗೆ ಊರೇ ಬಂದಿತ್ತು. ಬಾಳೆಹಣ್ಣು, ಕಡ್ಲೆ ಹಂಚಿದೆವು. ನನ್ನ ಭಾಷಣದ ಹೊತ್ತಿಗೆ ಕಡ್ಲೆ ಮುಗಿದಿದ್ದರಿಂದ ಜನವೂ ಮುಗಿದಿದ್ದರು. ಆದರೂ ಆ ದಿನ ನನಗೆ ನೆಲದ ಮೇಲೆ ಕಾಲಿರಲಿಲ್ಲ.

ಮಾರನೆಯ ದಿನ ಸಂಜೆ ಹೋಗಿ ಕುಳಿತೆ. ಯಾರೂ ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ. ಸುಗ್ಗಿ ಕೆಲಸ ಇರಬೇಕು ಎಂದುಕೊಂಡೆ. ವಾರ ಕಳೆದರೂ ಒಳಗೆ ಬಂದದ್ದು ಗಂಗಕ್ಕನ ಬೆಕ್ಕು ಒಂದೇ.

ಜನ ಬರಲಿ ಎಂದು ನನಗೆ ತೋಚಿದ್ದನ್ನೆಲ್ಲ ಮಾಡಿದೆ. ಗೋಣಿಚೀಲದ ಮುಗ್ಗಲು ವಾಸನೆಗೆ ಹೆದರಿ ಓಡುತ್ತಾರೇನೋ ಎಂದು ದಿನಾ ಊದುಬತ್ತಿ ಹಚ್ಚಿದೆ. ಕಪಾಟು ಇನ್ನೂ ಬಂದಿರಲಿಲ್ಲ, ಪುಸ್ತಕಗಳು ಮಣೆಯ ಮೇಲೆಯೇ ಇದ್ದವು. ಬಾಡಿದ ಹೂವು ಲಕ್ಷಣವಲ್ಲ ಎಂದು ಬೆಳಗ್ಗೆ ಶಾಲೆಗೆ ಹೋಗುವಾಗ ತೆಗೆದು ಹೊಸ ಚೆಂಡುಹೂವು ಇಟ್ಟೆ. ಆಮೇಲೆ ಸಂಜೆ ನನ್ನದೇ ಒಂದು ಪುಸ್ತಕ ಮನೆಯಿಂದ ತೆಗೆದುಕೊಂಡು ಹೋಗಿ, ಓದುವವಳನ್ನು ನೋಡಿಯಾದರೂ ಓದುವ ಆಸೆ ಹುಟ್ಟಲಿ ಎಂದು ಎದುರಿಗೇ ಕೂರುತ್ತಿದ್ದೆ. ಶಾಲೆಯಲ್ಲಿ ದಿನವೆಲ್ಲ ಕೂಗಿ ಬಂದವಳು, ಕುಳಿತರೆ ಕಣ್ಣು ಮುಚ್ಚಿಯೇ ಹೋಗುತ್ತಿತ್ತು.

ಒಂದು ಸಮಾಧಾನವಿತ್ತು. ದಾರಿಯಲ್ಲಿ ಹೋಗುವವರು ಗುಡಿಸಲಿನ ಎದುರಿಗೆ ಬಂದಾಗ ಒಂದು ಕ್ಷಣ ನಿಲ್ಲುತ್ತಿದ್ದರು. ಚಪ್ಪಲಿ ಬಿಡುತ್ತಿದ್ದರು. ಕೈಮುಗಿದು ಹೋಗುತ್ತಿದ್ದರು. ನಾನೂ ಎದ್ದು ಕೈಮುಗಿಯುತ್ತಿದ್ದೆ. ಓದಲು ಬರದಿದ್ದರೆ ಹೋಗಲಿ, ಒಬ್ಬ ಪದವೀಧರೆಗೆ ಈ ಊರು ಎಂಥ ಗೌರವ ಕೊಡುತ್ತಿದೆ ಎಂದು ಎದೆ ಉಬ್ಬುತ್ತಿತ್ತು. ಭಾನುವಾರ ಅವ್ವನಿಗೆ ಫೋನು ಮಾಡಿದಾಗ ಈ ವಿಷಯ ಹೇಳಿದೆ. "ಚಪ್ಲಿ ಬಿಟ್ಟು ಕೈ ಮುಗೀತಾರಾ! ನಿಂಗಾ?" ಎಂದಳು ಅವ್ವ. ಆ 'ನಿಂಗಾ' ಕೇಳಿ ನನಗೆ ಆಗ ಸ್ವಲ್ಪ ಬೇಜಾರೇ ಆಯಿತು.

ಮಕ್ಕಳನ್ನು ಕರೆದೆ. ಬಂದರು, ಹೊರಗಿನ ಮೆಟ್ಟಿಲ ಮೇಲೆ ಕುಳಿತರು. ಒಳಗೆ ಬನ್ನಿ ಎಂದರೆ, "ಬ್ಯಾಡ ಮಿಸ್, ಸ್ನಾನ ಮಾಡಿಲ್ಲ" ಎಂದರು. ನಾನು ಅದಕ್ಕೆ ಅರ್ಧ ಗಂಟೆ ಶುಚಿತ್ವದ ಮೇಲೆ ಪಾಠ ಮಾಡಿದೆ.

ಕಪಾಟಿಗಾಗಿ ರಂಗಸ್ವಾಮಿಯನ್ನು ಹಿಡಿದುಕೊಂಡೆ. "ಯಾವಾಗ ಕೊಡ್ತೀಯ ರಂಗಸ್ವಾಮಿ?"

"ಕಪಾಟು ರೆಡಿ ಐತೆ. ನೀವು ಯಾವಾಗ ಅಂತೀರೋ ಆವಾಗ" ಎಂದು ವಿನಯದಿಂದ ಹೇಳಿದ. ಕೆಲಸ ಮುಗಿಸದ ಬಡಗಿಗಳೆಲ್ಲ ಹೀಗೇ ಹೇಳುತ್ತಾರೆ ಎಂದು ಮನಸ್ಸಿನಲ್ಲೇ ಬೈದುಕೊಂಡು ಬಂದೆ.

ಇಷ್ಟರಲ್ಲಿ ಕಾಫಿ ಕೆಂಪಾಯಿತು. ಕೊಯ್ಲು ಶುರುವಾಗಿ ಕಣದ ತುಂಬ ಹಣ್ಣು ಹರಡಿತು. ನನ್ನ ಕಣ್ಣೆದುರಿಗೇ ಅದು ಕೆಂಪಿನಿಂದ ಕಂದಾಗಿ, ಕಂದಿನಿಂದ ಕಪ್ಪಾಗಿ ಒಣಗುತ್ತ ಬಂತು. ಪ್ರಪಂಚದಲ್ಲಿ ಎಲ್ಲರೂ ಕಾಫಿ ಬೇಗ ಒಣಗಲಿ ಎಂದು ಬೇಡಿಕೊಂಡರೆ, ನಾನೊಬ್ಬಳು ಮೋಡ ಹುಡುಕುತ್ತಿದ್ದೆ. ಶಿವಲಿಂಗಪ್ಪನವರು ಒಂದು ಹಿಡಿ ಕಾಫಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿ ಸದ್ದು ಕೇಳಿದರು. ಆಮೇಲೆ ನನ್ನ ಕಡೆ ನೋಡಿ, ಪಾಪ, ತಾವೇ ತಪ್ಪು ಮಾಡಿದವರ ಹಾಗೆ ಹೇಳಿದರು: "ನಾಳೆ ಸಂಜೆ ಮೂಟೆ ಎತ್ತಿಸ್ತೀನಿ ಟೀಚರಮ್ಮ."

ಆ ದಿನ ಗುಡಿಸಲಿಗೆ ಹೋಗಲಿಲ್ಲ. ನೇರ ಗಂಗಕ್ಕನ ಜಗಲಿಗೆ ಹೋಗಿ ಕುಳಿತೆ. ಅವರು ಮೊರದಲ್ಲಿ ಅವರೆಕಾಯಿ ಇಟ್ಟುಕೊಂಡು ಬಿಡಿಸುತ್ತಿದ್ದರು.

"ಹಾಕಲಿ ಬಿಡಿ ಗಂಗಕ್ಕ ಮೂಟೆ" ಎಂದೆ. "ಈ ಊರಿಗೆ ಓದು ಬೇಡ. ಸುಮ್ಮನೆ ನಾನೇ ಕುಣಿದೆ."

ಗಂಗಕ್ಕನ ಕೈ ನಿಂತಿತು. "ಹಂಗ್ಯಾಕಂತೀರಾ? ನಿಮ್ ವ್ರತ ಮುಗೀಲಿ ಅಂತ ಅಲ್ವಾ ನಾವೆಲ್ಲ ಕಾಯ್ತಾ ಇರೋದು?"

"ಯಾವ ವ್ರತ?"

"ನಮ್ಗೇನ್ ಗೊತ್ತು ಯಾವ ವ್ರತ ಅಂತ! ಓದ್ದೋರು, ಏನೋ ದೊಡ್ದೇ ಹಿಡ್ದಿರ್ಬೇಕು ಅಂತ ಸುಮ್ಕಿದ್ವಿ. ದಿನಾ ಹೂವಾ ಏರಿಸ್ತೀರಾ, ಊದ್ಗಡ್ಡಿ ಹಚ್ತೀರಾ, ಕಣ್ಮುಚ್ಕಂಡು ಜಪ ಮಾಡ್ತೀರಾ. ಇನ್ನೂ ಕದಲಿಸೇ ಇಲ್ವಲ್ಲ!"

ನಿಮಗೆ ಗೊತ್ತಿರಬಹುದು, ನಮ್ಮ ಕಡೆ ಪೂಜೆಗೆ ಇಟ್ಟದ್ದನ್ನು ಪೂಜೆ ಮುಗಿದ ಮೇಲೆ ಕೈಮುಗಿದು ಉತ್ತರದ ಕಡೆಗೆ ಒಂದಿಷ್ಟು ಜರುಗಿಸಬೇಕು. ಅದಕ್ಕೆ ಕದಲಿಸುವುದು ಅನ್ನುತ್ತಾರೆ. ಕದಲಿಸುವ ತನಕ ಅದು ದೇವರು. ಕದಲಿಸಿದ ಮೇಲೆ ಕತ್ತಿ ಮತ್ತೆ ಕತ್ತಿ, ತಕ್ಕಡಿ ಮತ್ತೆ ತಕ್ಕಡಿ. ಆಯುಧ ಪೂಜೆಯ ಮಾರನೆಯ ದಿನ ಅಪ್ಪ ಕದಲಿಸಿ ಕೊಡುವವರೆಗೂ ನಾನು ಪುಸ್ತಕ ಮುಟ್ಟುತ್ತಿರಲಿಲ್ಲ, ವರ್ಷದಲ್ಲಿ ನನಗೆ ಓದದೇ ಇರಲು ಸಿಗುತ್ತಿದ್ದ ಒಂದೇ ನೆಪ ಅದು. ಅಂಥ ನಾನು, ಪ್ರಾರಂಭದ ಪೂಜೆ ಮಾಡಿಸಿದವರು ಗಂಗಕ್ಕ, ಕದಲಿಸುವವರೂ ಅವರೇ ಎಂದುಕೊಂಡು ಭಾಷಣದ ಗುಂಗಿನಲ್ಲಿ ಮನೆಗೆ ಬಂದಿದ್ದೆ. ಸಂಕಲ್ಪ ಟೀಚರಮ್ಮನದು, ಕದಲಿಸಬೇಕಾದವರು ಅವರು ಎಂದು ಗಂಗಕ್ಕ ಕುಳಿತಿದ್ದರು. ಊರಿನವರು ನಡುವೆ ಸಿಕ್ಕಿಕೊಂಡು, ದೇವರಿಟ್ಟ ಜಾಗಕ್ಕೆ ಕೊಯ್ಲಿನ ಕೊಳೆಗಾಲಲ್ಲಿ ಹೋಗುವುದು ಹೇಗೆ ಎಂದು ಹೊರಗಿನಿಂದಲೇ ಕೈಮುಗಿಯುತ್ತಿದ್ದರು. ಪುಸ್ತಕಕ್ಕೆ. ನನಗಲ್ಲ.

"ಹಾಗಾದರೆ ನನಗೆ ಕೈಮುಗಿದದ್ದಲ್ಲವಾ ಅದು?" ಎಂದುಬಿಟ್ಟೆ.

"ನಿಮ್ಗ್ಯಾಕೆ ಮುಗೀತಾರೆ?" ಗಂಗಕ್ಕ ನಿಜವಾಗಿಯೂ ಆಶ್ಚರ್ಯಪಟ್ಟು ಕೇಳಿದರು. "ದೇವರಿಗೆ ಮುಗುದ್ರೆ ನೀವ್ಯಾಕೆ ಎದ್ದು ನಿಂತು ವಾಪಸ್ ಮುಗೀತೀರಾ ಅಂತ ನಮ್ಗೂ ಅರ್ಥ ಆಗಿರ್ಲಿಲ್ಲ ಬುಡಿ."

ಈಗಲೇ ಹೋಗಿ ಕದಲಿಸಿಬಿಡುತ್ತೇನೆ ಎಂದು ಎದ್ದೆ. ಹೊತ್ತು ಮುಳುಗುವಾಗ ಕದಲಿಸಬಾರದು ಎಂದು ಕೂರಿಸಿದರು. ಬೆಳಗಾಗುವಷ್ಟರಲ್ಲಿ ಗಂಗಕ್ಕನ ಬಾಯಿಂದ ಸುದ್ದಿ ಊರೆಲ್ಲ ಹರಡಿ, ನಾನು ಸ್ನಾನ ಮಾಡಿ ಹೋದಾಗ ಗುಡಿಸಲಿನ ಮುಂದೆ ಪ್ರಾರಂಭದ ದಿನದಷ್ಟೇ ಜನ. ಕೈಮುಗಿದು, ಪುಸ್ತಕದ ಗೋಪುರಕ್ಕೆ ಎರಡೂ ಕೈ ಕೊಟ್ಟು, ಉತ್ತರಕ್ಕೆ ಒಂದು ಅಂಗುಲ ಜರುಗಿಸಿದೆ. ಹಿಂದಿನಿಂದ "ಹಾ" ಎಂದು ಎಲ್ಲರೂ ಉಸಿರು ಬಿಟ್ಟರು.

ಮೊದಲು ಮುಂದೆ ಬಂದವನು ರಂಗಸ್ವಾಮಿ. ಎಡಗೈ ಮೇಲೆ ಬಲಗೈ ಇಟ್ಟು ಚಾಚಿದ. ನನಗೆ ಕಣ್ಣು ತುಂಬಿ ಬಂತು. ಓದಲು ಇಷ್ಟು ಹಸಿದಿದ್ದರೇ ಈ ಜನ ಎಂದುಕೊಂಡು ಮೇಲಿನ ಪುಸ್ತಕವನ್ನು ಅವನ ಕೈಗಿಟ್ಟೆ. ಕಣ್ಣಿಗೆ ಒತ್ತಿಕೊಂಡು ಸರಿದ. ಅವನ ಹಿಂದೆ ಸಾಲು ಬೆಳೆಯಿತು. ಹೆಂಗಸರು ಸೆರಗು ಹಿಡಿದರು. ಕೊಯ್ಲಿಗೆ ಹೊರಟವರು ಬುತ್ತಿ ಕೆಳಗಿಟ್ಟು ಕೈ ಒಡ್ಡಿದರು. ಶಿವಲಿಂಗಪ್ಪನವರೂ ಬಂದು ತಲೆ ಬಾಗಿಸಿ ಒಂದು ಇಸಿದುಕೊಂಡರು. ಸಡಗರದಲ್ಲಿ ಯಾರಿಗೆ ಯಾವುದು ಹೋಗುತ್ತಿದೆ ಎಂದು ಕೊಟ್ಟ ನಾನೂ ನೋಡಲಿಲ್ಲ, ಪಡೆದ ಅವರೂ ನೋಡಲಿಲ್ಲ. ಮಣೆ ಖಾಲಿಯಾಯಿತು. ಎದ್ದು ನೋಡಿದರೆ ಗುಡಿಸಲೂ ಖಾಲಿ. ಎಲ್ಲರೂ ಪುಸ್ತಕ ತೆಗೆದುಕೊಂಡು ಅವರವರ ಮನೆಗೆ ಹೋಗಿದ್ದರು.

"ಸಂಜೆ ತರುತ್ತಾರಲ್ಲವಾ ಗಂಗಕ್ಕ?"

"ಪ್ರಸಾದ ಯಾರಾದ್ರೂ ವಾಪಸ್ ತರ್ತಾರಾ ಟೀಚರಮ್ಮ?" ಎಂದರು ಗಂಗಕ್ಕ. ಅವರ ಸೆರಗಿನಲ್ಲೂ ಒಂದು ಪುಸ್ತಕ ಇತ್ತು.

ಸಂಜೆ ಶಾಲೆ ಬಿಟ್ಟು ಬಂದಾಗ ಶಿವಲಿಂಗಪ್ಪನವರು ಆಳುಗಳೊಂದಿಗೆ ಗುಡಿಸಲಿನ ಮುಂದೆ ನಿಂತಿದ್ದರು. ಒಳಗೆ ಜನವಿಲ್ಲ, ಪುಸ್ತಕವೂ ಇಲ್ಲ. ಒಪ್ಪಂದ ಒಪ್ಪಂದವೇ. ನಾನೇ ಮುಂದೆ ಹೋಗಿ ಬಾಗಿಲ ಕಡೆಯ ಪರದೆ ಸುತ್ತಿ ಕಟ್ಟಿಕೊಟ್ಟೆ. ಮುಖ ಊದಿಸಿಕೊಳ್ಳಬಾರದು ಎಂದಿದ್ದರು. ಊದಿಸಿಕೊಳ್ಳಲಿಲ್ಲ, ಬೇರೆ ಕಡೆ ತಿರುಗಿಸಿಕೊಂಡೆ. ಮೊದಲ ಮೂಟೆ ಧೊಪ್ಪೆಂದು ಒಳಗೆ ಬಿತ್ತು. ಆಮೇಲೆ ಇನ್ನೊಂದು, ಮತ್ತೊಂದು.

ಆ ಹೊತ್ತಿಗೆ ದಾರಿಯಲ್ಲಿ ಗಂಗಕ್ಕನ ದನಿ ಕೇಳಿತು. "ಲೋ ಶಿವ್ಲಿಂಗಾ! ದೇವ್ರ ಮನೇಲಿ ಏನೋ ತಂದು ಕೂರ್ಸಿದ್ದೀಯಾ?"

ತಮ್ಮನ ಮನೆಯಿಂದಲೇ ಬರುತ್ತಿದ್ದರು. ಬಾಳೆಎಲೆಯಲ್ಲಿ ಏನನ್ನೋ ಹಿಡಿದು, ಮೈಯಿಂದ ದೂರ ಚಾಚಿಕೊಂಡಿದ್ದರು. ಹತ್ತಿರ ಬಂದು ಎಲೆ ಬಿಡಿಸಿದರು. ಪುಸ್ತಕ. ಹೊದಿಕೆಯ ಮೇಲೆ ಕೆಂಪು ಜುಟ್ಟಿನ ದೊಡ್ಡದೊಂದು ಕೋಳಿ. ಮೇಲೆ ಅಷ್ಟೇ ದೊಡ್ಡ ಅಕ್ಷರದಲ್ಲಿ, ಮನೆಯಲ್ಲಿ ಕೋಳಿ ಸಾಕಣೆ.

"ಲಿಂಗದ ಪಕ್ಕ ಕೋಳಿ ಕೂರ್ಸಿದ್ದೀಯಲ್ಲೋ! ನಮ್ಮಪ್ಪ ಇದ್ದಿದ್ರೆ ಏನಂತಿದ್ರು?"

ಶಿವಲಿಂಗಪ್ಪನವರು ಬೆವರಿದರು. "ಪ್ರಸಾದ ಅಂತ ನೋಡ್ದೆ ಇಟ್ಬುಟ್ಟೆ ಕಣಕ್ಕ. ಈಗ ಬಿಸಾಕಕ್ಕಾಯ್ತದಾ? ಇಟ್ಕಳಕ್ಕೂ ಆಗಲ್ಲ."

"ನಂಗ್ ಕೊಡಿ ಯಜಮಾನ್ರೇ" ಎಂದ ರಂಗಸ್ವಾಮಿ. ಕಪಾಟು ಹೊತ್ತುಕೊಂಡು ಬಂದವನು ಅದನ್ನು ಇಳಿಸಿ, ಒಳಗಿನಿಂದ ತನ್ನ ಪುಸ್ತಕ ತೆಗೆದ. "ನಂಗೆ ಶಿವಶರಣರ ಕತೆ ಬಂದೈತೆ, ನೀವ್ ತಗಳಿ. ನಮ್ಮನೇಲಿ ಕೋಳಿಗೆ ಯಾವ ಅಡ್ಡೀನೂ ಇಲ್ಲ. ಬ್ಯಾಡ ಅಂದ್ರೂ ಬತ್ತವೆ."

"ಪ್ರಸಾದನ ಬೀದೀಲಿ ಅದ್ಲುಬದ್ಲು ಮಾಡ್ಕಂಡಾರಾ?" ಗಂಗಕ್ಕ ತೀರ್ಪು ಕೊಟ್ಟರು. "ಪೂಜೆ ಆದ್ ಜಾಗ್ದಲ್ಲೇ ಮಾಡ್ಕಳಿ. ನಡೀರಿ ಒಳಿಕ್ಕೆ."

ಅದಲುಬದಲು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಕೊಯ್ಲಿನಿಂದ ಹಿಂತಿರುಗುತ್ತಿದ್ದವರು ನಿಂತರು. ಯಾರಿಗೂ ತಮಗೆ ಬಂದದ್ದರ ಮೇಲೆ ಸಮಾಧಾನವಿರಲಿಲ್ಲ ಎಂದು ಕಾಣುತ್ತದೆ. ಹೊಲಿಗೆ ಪುಸ್ತಕ ಬಂದಿದ್ದ ಟ್ರಾಕ್ಟರ್ ಓಡಿಸುವವನು ಮನೆಗೆ ಓಡಿದ. ನಕ್ಷತ್ರದ ಪುಸ್ತಕ ಬಂದಿದ್ದ ಸೊಸೆಯೊಬ್ಬಳು "ನಂದು ಕೊಡಲ್ಲ, ಬರೀ ಬೇರೆಯೋರ್ದು ನೋಡ್ತೀನಿ" ಎನ್ನುತ್ತ ಬಂದಳು. ಕೊಳೆಗಾಲು, ಕಾಫಿ ಹಣ್ಣಿನ ಅಂಟುಗೈ, ಬೆನ್ನಿಗೆ ಕಟ್ಟಿದ ಚೀಲ, ಹಾಗೆ ಹಾಗೆಯೇ ಒಳಗೆ ನುಗ್ಗಿದರು. ಕೂರಲು ಮೂಟೆಗಳು ಹೇಗೂ ಬಿದ್ದಿದ್ದವು. "ನಿಂಗೇನ್ ಬಂದೈತೆ, ತೋರ್ಸು", "ಇದ್ರಲ್ಲಿ ಚಿತ್ರ ಇಲ್ವಲ್ಲೇ", "ಜೋರಾಗಿ ಓದೇ ಕೇಳ್ತೀನಿ" ಎಂದು ಗದ್ದಲವೋ ಗದ್ದಲ. ನನಗೆ ನಿಲ್ಲಲು ಜಾಗವಿರಲಿಲ್ಲ. ಕಪಾಟಿಗೆ ಒರಗಿಕೊಂಡು ಹೊರಗೇ ನಿಂತೆ.

ಶಿವಲಿಂಗಪ್ಪನವರು ಅಕ್ಕನ ಕೈಯಿಂದ ಕೋಳಿ ಪುಸ್ತಕ ಇಸಿದುಕೊಂಡು ಒಂದು ಮೂಟೆಯ ಮೇಲೆ ಕುಳಿತು ಜೇಬಿನಿಂದ ಕನ್ನಡಕ ತೆಗೆದರು. ಬೇರೆಯವರಿಗೆ ದಾಟಿಸುವ ಮೊದಲು ಇದರಲ್ಲಿ ಏನಿದೆ ಎಂದು ನೋಡಿಯಾದರೂ ನೋಡೋಣ ಅನ್ನುವಂತೆ ಮೊದಲ ಪುಟ ತೆರೆದರು. ತುಟಿ ಅಲ್ಲಾಡಿಸುತ್ತ, ಸಾಲಿನ ಕೆಳಗೆ ಬೆರಳು ಓಡಿಸುತ್ತ ಓದತೊಡಗಿದರು. ಪುಟ ತಿರುಗಿಸಿದರು. ಇನ್ನೊಂದು ತಿರುಗಿಸಿದರು.

"ಅಕ್ಕಾ" ಎಂದರು ತಲೆ ಎತ್ತದೆ, "ಕಾವಿಗೆ ಕೂತಾಗ ಮೊಟ್ಟೇನ ಅದೇ ತಿರುಗಿಸ್ತದಂತೆ ಕಣಕ್ಕ, ಎಲ್ಲಾ ಕಡೆ ಬಿಸಿ ತಾಗ್ಲಿ ಅಂತ. ಕೊಕ್ಕಲ್ಲಿ."

"ಶಿವಶಿವಾ" ಎಂದು ಗಂಗಕ್ಕ ಕಿವಿ ಮುಚ್ಚಿಕೊಂಡರು. ಒಂದು ಕ್ಷಣ ಬಿಟ್ಟು, ಒಂದು ಕಿವಿಯಿಂದ ಕೈ ತೆಗೆದು, "ತಿರುಗಿಸ್ಲಿಲ್ಲ ಅಂದ್ರೆ?" ಎಂದು ಕೇಳಿದರು.

"ತಡಿ, ಇನ್ನೂ ಅಲ್ಲಿಗೆ ಬಂದಿಲ್ಲ."

ರಂಗಸ್ವಾಮಿ ಶಿವಶರಣರನ್ನು ಕಂಕುಳಲ್ಲಿ ಇಟ್ಟುಕೊಂಡು ಎದುರಿಗೆ ಬಂದು ನಿಂತ. "ಕೊಡಿ ಯಜಮಾನ್ರೇ, ಹೊತ್ತಾಯ್ತು. ಆನೆ ಬೇರೆ ಮೇಲಿನ ತೋಟದಲ್ಲಿ ಐತಂತೆ."

"ಸ್ವಲ್ಪ ತಡ್ಕಳೋ ಮಾರಾಯ. ಮರಿ ಇನ್ನೂ ಆಚೆ ಬಂದಿಲ್ಲ."

ಹೊರಗೆ ಆಳುಗಳಿಬ್ಬರು ಮುಂದಿನ ಮೂಟೆಯನ್ನು ನಡುವೆ ಹಿಡಿದುಕೊಂಡು, ಒಳಗೆ ಕಾಲಿಡಲು ಜಾಗ ಕಾಣದೆ ನನ್ನ ಪಕ್ಕದಲ್ಲೇ ನಿಂತಿದ್ದರು. "ಯಜಮಾನ್ರೇ, ಇದ್ನ ಎಲ್ಲಿಗೆ ಹಾಕವಾ?" ಎಂದು ಕೂಗಿದರು.

ಶಿವಲಿಂಗಪ್ಪನವರು ಸಾಲಿನ ಮೇಲಿನ ಬೆರಳು ತೆಗೆಯದೆ, ಇನ್ನೊಂದು ಕೈಯನ್ನು ತಮ್ಮ ಮನೆಯ ಕಡೆಗೆ ಬೀಸಿದರು.

"ನನ್ ಮಂಚದ ಕೆಳಿಕ್ಕೆ ಹಾಕೋಗ್ರೋ. ಓದೋ ಜಾಗ್ದಲ್ಲಿ ಬಂದು ಗಲಾಟೆ ಮಾಡ್ತೀರಲ್ಲ!"